"ಈ ಹಳೇ ಬೆಂಜ್ ಇಟ್ಕೊಳ್ಳೋದು ಆನೆ ಸಾಕಿದ ಹಾಗಲ್ವಾ?"

ಬಂಕ್‌ನಲ್ಲಿ ಡೀಸೆಲ್ ಹಾಕಿಸುವಾಗ, ಮದುವೆ ಮನೆಯ ಪಾರ್ಕಿಂಗ್‌ನಲ್ಲಿ, ಸಿಗ್ನಲ್‌ನಲ್ಲಿ ಪಕ್ಕದ ಆಟೋದವರಿಂದಲೂ ನನಗೆ ಬರುವ ಪ್ರಶ್ನೆ ಇದೇ. ಹಿಂದೆಯೇ ಇನ್ನೊಂದು: "ಪಾರ್ಟ್ಸ್ ಎಲ್ಲಿ ಸಿಗುತ್ತೆ ಸಾರ್?" ನನ್ನದು ಮರ್ಸಿಡಿಸ್ 240ಡಿ, ಡಬ್ಲ್ಯು123 ಎನ್ನುವ ಸರಣಿಯದು. 1976ರಲ್ಲಿ ಮಾರುಕಟ್ಟೆಗೆ ಬಂದು ಹತ್ತು ವರ್ಷ ನಡೆದ ಸರಣಿ. ಒಟ್ಟು ತಯಾರಾದದ್ದು ಸುಮಾರು 27 ಲಕ್ಷ ಕಾರು.

ನನ್ನ ಉತ್ತರ: ಎಂಜಿನ್ ಮಟ್ಟಿಗೆ ಖಂಡಿತ ಅಲ್ಲ. ಈ ಕಾರಿನಲ್ಲಿ ಸಾಕಲು ಅತ್ಯಂತ ಸುಲಭವಾದದ್ದೇ ಎಂಜಿನ್. ಖರ್ಚು ತರುವುದು ಅದರ ಸುತ್ತಲಿನ ರಬ್ಬರು, ವ್ಯಾಕ್ಯೂಮ್ ಪೈಪು, ಬಾಡಿ. ಅವೂ ಅಷ್ಟೆ, ಹೊತ್ತಿಗೆ ಸರಿಯಾಗಿ ನೋಡದೆ ಬಿಟ್ಟರೆ ಮಾತ್ರ.

ಎಂಜಿನ್ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಇದರಲ್ಲಿರುವುದು ಒಎಂ616, 2.4 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್. ಇದೇ ಎಂಜಿನ್ನನ್ನು ಬಜಾಜ್ ಟೆಂಪೋದವರು ಪರವಾನಗಿ ಪಡೆದು ನಮ್ಮ ದೇಶದಲ್ಲೇ ತಯಾರಿಸಿದರು. ಮಲೆನಾಡಿನ ರಸ್ತೆಗಳಲ್ಲಿ ಹದಿನೈದು ಜನರನ್ನು ತುಂಬಿಕೊಂಡು ಓಡಾಡಿದ ಟ್ರ್ಯಾಕ್ಸ್‌ಗಳು, ಪ್ರವಾಸಕ್ಕೆ ಹೋಗುವ ಟೆಂಪೋ ಟ್ರಾವೆಲರ್‌ಗಳು ಇದೇ ವಂಶದವು. ಆದ್ದರಿಂದ ಬಾನೆಟ್ ಎತ್ತಿದಾಗ ಬೆಂಜ್ ಅಂತ ಹೆದರಿ ಹಿಂದೆ ಸರಿಯುವ ಹುಡುಗರಿಗಿಂತ, ಟ್ರ್ಯಾಕ್ಸ್ ಎಂಜಿನ್ ಬಿಚ್ಚಿ ಕಟ್ಟಿದ ಹಳೆಯ ಮೇಸ್ತ್ರಿಯೇ ನನಗೆ ಬೇಕು. ಆದರೆ ಇಲ್ಲಿ ತಯಾರಾದ ಎಂಜಿನ್ ವರ್ಷ ಕಳೆದಂತೆ ಬದಲಾಗಿದೆ, 2.6 ಲೀಟರ್ ಕೂಡ ಆಯಿತು. ಹಳೆಯ ಪಾರ್ಟ್ ಕೈಯಲ್ಲಿ ಹಿಡಿದು, ಹೊಸದರ ಪಕ್ಕದಲ್ಲಿಟ್ಟು ನೋಡದೆ ಏನನ್ನೂ ಕೂರಿಸಬೇಡಿ.

ಡೀಸೆಲ್ ಪಂಪ್ ಬಾಷ್‌ನದು, ಇನ್‌ಲೈನ್ ಪಂಪ್, ಅಂದರೆ ಸಿಲಿಂಡರಿಗೊಂದರಂತೆ ಸಾಲಾಗಿ ಜೋಡಿಸಿದ ಪಂಪು. ಬೆಂಗಳೂರಿನವರಿಗೆ ಇದು ಹೊಸದೇನಲ್ಲ. 1951ರಲ್ಲಿ ಶುರುವಾದ ಮೈಕೋ ಆಡುಗೋಡಿಯ ಕಾರ್ಖಾನೆಯಲ್ಲಿ ಇಂಥ ಪಂಪು, ನಾಝಲ್‌ಗಳನ್ನೇ ದಶಕಗಟ್ಟಲೆ ಮಾಡಿತು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ಇನ್‌ಲೈನ್ ಪಂಪನ್ನು ಟೆಸ್ಟ್ ಬೆಂಚಿನ ಮೇಲಿಟ್ಟು ಕ್ಯಾಲಿಬ್ರೇಶನ್ ಮಾಡಬಲ್ಲ ಕೈಗಳು ಈ ಊರಿನಲ್ಲಿ ಇನ್ನೂ ಇವೆ.

ಇಷ್ಟಾದರೂ ಪಂಪಿನ ತಂಟೆಗೆ ಹೋಗುವ ಮೊದಲು ಹತ್ತು ಸಲ ಯೋಚಿಸಿ. ಬೆಳಗ್ಗೆ ಸ್ಟಾರ್ಟ್ ಆಗಲು ತಿಣುಕಾಡುತ್ತದೆ ಎಂದ ಕೂಡಲೇ "ಪಂಪ್ ಬಿಚ್ಚಿಬಿಡೋಣ" ಎನ್ನುವವರು ಬಹಳ. ಮೊದಲು ನೋಡಬೇಕಾದದ್ದು ತಣ್ಣನೆಯ ಎಂಜಿನ್ನನ್ನು ಒಳಗಿನಿಂದ ಬಿಸಿ ಮಾಡುವ ಗ್ಲೋ ಪ್ಲಗ್, ಆಮೇಲೆ ವಾಲ್ವ್. ಡೀಸೆಲ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಹುಟ್ಟಿಸುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಸಂದು, ವಾಲ್ವ್ ಗ್ಯಾಪ್, ಈ ಎಂಜಿನ್ನಿನಲ್ಲಿ ತಾನಾಗಿ ಸರಿಹೋಗುವುದಿಲ್ಲ. ಓಡಿದಂತೆಲ್ಲ ವಾಲ್ವ್ ಕೂರುವ ಸೀಟ್ ಸವೆಯುತ್ತದೆ, ವಾಲ್ವ್ ಮೇಲೇರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಪೂರ್ತಿ ಇಲ್ಲವಾದಾಗ ವಾಲ್ವ್ ಭದ್ರವಾಗಿ ಮುಚ್ಚುವುದಿಲ್ಲ, ಕಂಪ್ರೆಶನ್ ಸೋರಿಹೋಗುತ್ತದೆ. ಗದ್ದಲವೇನೂ ಇರುವುದಿಲ್ಲ. ಟಪ್ ಟಪ್ ಸದ್ದು ಕಡಿಮೆಯಾಗಿ ಎಂಜಿನ್ ಮೊದಲಿಗಿಂತ ನಯವಾಗಿದೆ ಅಂತಲೇ ಅನ್ನಿಸುತ್ತದೆ, ಅದೇ ಅಪಾಯ.

ಗ್ಯಾಪ್ ಸರಿಮಾಡುವ ಕೆಲಸ ದೊಡ್ಡದಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ಗೆ 0.10 ಮಿ.ಮೀ., ಹೊಗೆ ಹೊರಬಿಡುವ ಎಕ್ಸಾಸ್ಟ್‌ಗೆ 0.30. ಬೇಕಾದದ್ದು ಸಂದು ಅಳೆಯುವ ಫೀಲರ್ ಗೇಜ್, 14ರ ಸ್ಪ್ಯಾನರ್ ಎರಡು, ಕ್ರ್ಯಾಂಕ್ ತಿರುಗಿಸಲು 27ರ ಸಾಕೆಟ್. ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಹಿಂದಕ್ಕೆ ಬೇಡ. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಲಾಕ್‌ನಟ್ ಬಿಗಿಯುವಾಗ ಅಳತೆ ಸರಿದಿರುತ್ತದೆ. ಸುಮಾರು ಇಪ್ಪತ್ತು ಸಾವಿರ ಕಿ.ಮೀ.ಗೊಮ್ಮೆ ನಾನು ಇದನ್ನು ತಪ್ಪದೆ ಮಾಡುತ್ತೇನೆ. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಹೆಚ್ಚು ಆಯುಷ್ಯ ಕೊಡುವ ಕೆಲಸ ಈ ಕಾರಿನಲ್ಲಿ ಬೇರೊಂದಿಲ್ಲ.

ಇನ್ನು ವ್ಯಾಕ್ಯೂಮ್, ಅಂದರೆ ಎಂಜಿನ್ನಿನ ಒಂದು ಪಂಪು ಪೈಪುಗಳಿಂದ ಗಾಳಿ ಎಳೆದು ಹುಟ್ಟಿಸುವ ಸೆಳೆತ. ಹೊಸಬರು ಗಾಬರಿಯಾಗುವುದು ಇಲ್ಲೇ. ಈ ಸೆಳೆತ ಎಲ್ಲಾದರೂ ಸೋರಿದರೆ, ಕೀ ತಿರುಗಿಸಿ ಕೈಗೆ ತೆಗೆದುಕೊಂಡರೂ ಎಂಜಿನ್ ಓಡುತ್ತಲೇ ಇರುತ್ತದೆ! ಡೀಸೆಲ್ ಎಂಜಿನ್ ನಿಲ್ಲಬೇಕಾದರೆ ಇಂಧನ ನಿಲ್ಲಬೇಕು. ಕೀ ಆಫ್ ಮಾಡಿದಾಗ ತೆಳುವಾದ ಪೈಪಿನ ಮೂಲಕ ವ್ಯಾಕ್ಯೂಮ್ ಹೋಗಿ ಪಂಪಿನ ಹಿಂದಿರುವ ಡಯಾಫ್ರಮ್ ಅನ್ನು ಎಳೆಯುತ್ತದೆ, ಅದು ಡೀಸೆಲ್ ಕಡಿಯುತ್ತದೆ. ಸೆಂಟ್ರಲ್ ಲಾಕ್ ಇರುವ ಕಾರುಗಳಲ್ಲಿ ಬಾಗಿಲ ಲಾಕ್‌ಗಳೂ ಇದೇ ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ಹಿಂದಿನ ಬಾಗಿಲೊಳಗೆ ಒಂದು ರಬ್ಬರ್ ಹರಿದರೆ ಮುಂದೆ ಎಂಜಿನ್ ನಿಲ್ಲದೆ ಹೋಗಬಹುದು! ಸದ್ಯಕ್ಕೆ ಬಾನೆಟ್ ಎತ್ತಿ ಪಂಪಿನ ಮೇಲಿರುವ "ಸ್ಟಾಪ್" ಲಿವರ್ ಒತ್ತಿದರೆ ನಿಲ್ಲುತ್ತದೆ. ಆಮೇಲೆ ಕೈ ವ್ಯಾಕ್ಯೂಮ್ ಪಂಪ್ ಹಿಡಿದು ಒಂದೊಂದೇ ಪೈಪ್ ಕಳಚಿ, ಅದರ ಮೀಟರಿನ ಮುಳ್ಳು ಎಲ್ಲಿ ಇಳಿಯುತ್ತದೆ ಅಂತ ನೋಡುತ್ತಾ ಹೋಗಬೇಕು. ತಾಳ್ಮೆಯ ಕೆಲಸ, ಆದರೆ ಕೊನೆಗೆ ಬದಲಿಸುವುದು ಬೆರಳುದ್ದದ ರಬ್ಬರ್ ಕನೆಕ್ಟರ್ ಆಗಿರುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾದರೆ ಮಾತ್ರ ತಡಮಾಡಬೇಡಿ, ಬ್ರೇಕ್ ಬೂಸ್ಟರಿಗೂ ಗಾಳಿ ಎಳೆಯುವುದು ಅದೇ ವ್ಯಾಕ್ಯೂಮ್ ಪಂಪ್.

2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 ಡೀಸೆಲ್ ಬಂದಿದೆ, ಗಂಧಕ 10 ಪಿಪಿಎಂಗೆ ಇಳಿದಿದೆ. ಗಾಳಿಗೆ ಒಳ್ಳೆಯದೇ. ಆದರೆ ಹಳೆಯ ಡೀಸೆಲ್‌ಗೆ ಒಗ್ಗಿ ಗಟ್ಟಿಯಾದ ಸೀಲುಗಳು ಇಂಥ ಇಂಧನದಲ್ಲಿ ಕುಗ್ಗಿ ಸೋರಬಹುದು. ಪಂಪಿನ ಮೇಲೆ ಒದ್ದೆ ಕಂಡರೆ ಡೆಲಿವರಿ ವಾಲ್ವ್ ಓ-ರಿಂಗ್ ನೋಡಿಸಿ. ನಾಝಲ್‌ಗಳ ನಡುವಿನ ಬಟ್ಟೆ ಸುತ್ತಿದ ರಿಟರ್ನ್ ಪೈಪುಗಳನ್ನಂತೂ ಕಾಯದೆ ಬದಲಿಸಿ.

ಪಾರ್ಟ್ಸ್ ವಿಷಯ: ಫಿಲ್ಟರು, ಹೋಸು, ಬೇರಿಂಗು ಜೆಸಿ ರೋಡಿನಲ್ಲಿ ಸಿಗುತ್ತವೆ. ಹಳೆಯ ಗಾಜು, ಹಿಡಿ, ಸ್ವಿಚ್‌ಗಳಿಗೆ ಶಿವಾಜಿನಗರದ ಗುಜರಿ ಸುತ್ತಬೇಕು. ಉಳಿದದ್ದಕ್ಕೆ ಪಾರ್ಟ್ ನಂಬರ್ ಕೊಟ್ಟು ಆರ್ಡರ್ ಮಾಡಿ ಕಾಯುವುದು. ಹಳೆಯ ಕಾರುಗಳಿಗೆಂದೇ ಜರ್ಮನಿಯ ಫೆಲ್‌ಬಾಖ್‌ನಲ್ಲಿ ಕಂಪನಿ 1993ರಿಂದ ಒಂದು ಕೇಂದ್ರ ನಡೆಸುತ್ತಿದೆ.

ಕಾನೂನು? ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಎನ್ನುವ ದೆಹಲಿ ಪ್ರದೇಶದ ನಿಯಮ ನಮ್ಮಲ್ಲಿಲ್ಲ. ಹದಿನೈದು ವರ್ಷ ಆದ ಮೇಲೆ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು. ವಿಂಟೇಜ್ ನೋಂದಣಿಗೆ ಕಾರಿಗೆ ಐವತ್ತು ತುಂಬಿರಬೇಕು.

ಕೊಳ್ಳುವ ಮನಸ್ಸಿದ್ದರೆ ಪಾಲಿಶ್ ನೋಡಿ ಮರುಳಾಗಬೇಡಿ. ಕರಾವಳಿಯ ಕಾರಾದರೆ ಬ್ಯಾಟರಿ ಟ್ರೇ ಕೆಳಗೆ, ಜಾಕ್ ಕೊಡುವ ಜಾಗಗಳಲ್ಲಿ, ಕಾರ್ಪೆಟ್ ಎತ್ತಿ ನೆಲದಲ್ಲಿ ತುಕ್ಕು ಹುಡುಕಿ. ಎಂಜಿನ್ ಎಷ್ಟು ಸಲವಾದರೂ ಕಟ್ಟಿಸಬಹುದು, ಕೊಳೆತ ತಗಡು ಹಾಗಲ್ಲ. ಮತ್ತೆ, ನೋಡಲು ಹೋಗುವ ಹಿಂದಿನ ದಿನವೇ ಮಾಲೀಕರಿಗೆ ಫೋನ್ ಮಾಡಿ ಹೇಳಿ: ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತೆ ನೋಡಬೇಕು. ಬಾನೆಟ್ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಬೇರೆ ದಿನ ಬರುತ್ತೇನೆ ಅಂತ ಹೇಳಿ ಹೊರಟುಬಿಡಿ.