ಎಂಜಿನ್ನಿನ ಹೊಟ್ಟೆಯಲ್ಲಿ ತುಂಗಭದ್ರೆಯ ಹೂಳು

ಡಿಸೆಂಬರ್ 10

ದೋಣಿಯ ಎಂಜಿನ್ ಇವತ್ತು ಗಂಗಾವತಿಗೆ, ನಮ್ಮ ಮನೆಯ ಹಿತ್ತಲಿಗೆ ಬಂದಿತು. ತುಂಗಭದ್ರಾ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಅದನ್ನು ಟಂಟಂ ಗಾಡಿಗೆ ಏರಿಸಲು ನಾಲ್ಕು ಜನ ಬೇಕಾಯಿತು. ಮೂವರು ಹರಿಗೋಲಿನವರು, ನಾಲ್ಕನೆಯವನು ನಾನು. ಲೆಕ್ಕಕ್ಕೆ ಮೂರೂವರೆ ಎಂದಿಟ್ಟುಕೊಳ್ಳಿ. ಮಂಗಳವಾರವಾದ್ದರಿಂದ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಬಂದವರ ಗದ್ದಲ, ಮುಕ್ಕಾಲು ಗಂಟೆ ಗಾಡಿ ಮುಂದೆ ಸಾಗಲಿಲ್ಲ. ಒಬ್ಬ ಅಜ್ಜಿ ಗಾಡಿಯೊಳಗೆ ಇಣುಕಿ, ಇದೇನೆಂದು ಕೇಳದೆಯೇ, ಎಂಜಿನ್ನಿನ ಮೇಲೆ ಒಂದು ಚಿಟಿಕೆ ಭಂಡಾರ ಹಾಕಿ ಹೋದರು. ಅದನ್ನು ಒರೆಸಿಲ್ಲ. ಸಿಕ್ಕ ಸಹಾಯ ಬಿಡುವ ಸ್ಥಿತಿಯಲ್ಲಿ ನಾನಿಲ್ಲ.

ಎಂಜಿನ್ನಿನ ಪರಿಚಯ: ಒಂದೇ ಸಿಲಿಂಡರ್, ನಾಲ್ಕು ಸ್ಟ್ರೋಕ್, ಪೆಟ್ರೋಲ್, ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ. ಕಿಡಿಗೆ ಮ್ಯಾಗ್ನೆಟೋ, ಶುರು ಮಾಡಲು ಕೈಹಿಡಿಯ ಹ್ಯಾಂಡಲ್. ಹೆಸರಿನ ಫಲಕ ಎಂದೋ ಸವೆದುಹೋಗಿದೆ. ಮುಂಬೈಯಿಂದ ಲಾರಿಯಲ್ಲಿ ತರಿಸಿದ 18 ಅಡಿಯ ಹಳೆಯ ಹಾಯಿದೋಣಿಯ ಹೊಟ್ಟೆಯೊಳಗೇ ಇದು ಕೂತಿತ್ತು. ಹಾಯಿ ಇರುವಾಗ ಎಂಜಿನ್ ಏಕೆ ಎಂದು ಕೇಳುವವರು ದಸರೆಯ ನಂತರ ಒಮ್ಮೆ ನಮ್ಮ ಹಿನ್ನೀರಿಗೆ ಬರಬೇಕು. ಆಷಾಢದಲ್ಲಿ ಅಂಗಿ ಹರಿಯುವಂತೆ ಬೀಸುವ ಗಾಳಿ ಆಗ ಮಧ್ಯಾಹ್ನಕ್ಕೇ ಸತ್ತುಹೋಗುತ್ತದೆ. ದಂಡೆ ಎರಡು ಕಿಲೋಮೀಟರ್ ಆಚೆ, ಹಾಯಿ ಒಗೆದು ಹಾಕಿದ ಪಂಚೆಯ ಹಾಗೆ ಜೋತು ಬಿದ್ದಿರುತ್ತದೆ.

ಕಾಯಿಲೆ ಇದು: ಚಾಲೂ ಆಗುತ್ತದೆ, ಹತ್ತು ನಿಮಿಷದಲ್ಲಿ ಕಾದು ಕೆಂಡವಾಗುತ್ತದೆ, ಹಿಂದಿನ ಕೊಳವೆಯಿಂದ ನೀರಿನ ಬದಲು ಆವಿ ಬರುತ್ತದೆ. ಕಾರಣವೂ ನನಗೆ ಗೊತ್ತು, ಏಕೆಂದರೆ ಕಾರಣ ನಾನೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಯಿತಲ್ಲ, ಅದಾದ ಮೇಲೆ ಜಲಾಶಯದ ನೀರು ದಿನದಿನಕ್ಕೂ ಇಳಿಯಿತು. ನಮ್ಮ ಕಡೆ ದಂಡೆ ತಟ್ಟೆಯಂತೆ ಸಪಾಟು. ಮಟ್ಟ ಒಂದು ಮೊಳ ಇಳಿದರೆ ನೀರು ಒಂದು ಹೊಲದಷ್ಟು ಹಿಂದೆ ಸರಿಯುತ್ತದೆ. ದೋಣಿಯ ಹಿಂಬದಿ ಕೆಸರಿಗೆ ತಾಗುವಷ್ಟರಲ್ಲಿ ಓಡಿಹೋಗಿ ಎಂಜಿನ್ ಚಾಲೂ ಮಾಡಿ ಆಳಕ್ಕೆ ಒಯ್ದೆ. ದೋಣಿ ಉಳಿಯಿತು. ಆದರೆ ಎಂಜಿನ್ನನ್ನು ತಣಿಸುವ ನೀರನ್ನು ಎಳೆಯುವ ತೂತು ದೋಣಿಯ ತಳದಲ್ಲಿದೆ. ಆ ಕಾಲು ಗಂಟೆ ಅದು ಎಳೆದದ್ದು ನೀರಲ್ಲ, ಅಂಬಲಿ.

ಡಿಸೆಂಬರ್ 22

ಹೆಡ್, ಎಂದರೆ ಸಿಲಿಂಡರಿನ ಮೇಲಿನ ಮುಚ್ಚಳ, ಬಿಚ್ಚಲು ಹನ್ನೆರಡು ದಿನ. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಎಂಟು ನಟ್‌ಗಳಲ್ಲಿ ಆರು ಮರ್ಯಾದೆಯಿಂದ ಬಂದವು. ಉಳಿದ ಎರಡಕ್ಕೆ ಅಸಿಟೋನ್ ಮತ್ತು ಗೇರ್ ಎಣ್ಣೆ ಸಮಸಮ ಬೆರೆಸಿ ದಿನಕ್ಕೆರಡು ಬಾರಿ ತೊಟ್ಟಿಕ್ಕಿಸಿದೆ, ಬ್ಲೋ ಲ್ಯಾಂಪಿನಿಂದ ಕಾಯಿಸಿದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಒಂದು ಬಂದಿತು. ಇನ್ನೊಂದು ಕೂತಿದ್ದ ಸ್ಟಡ್, ಎಂದರೆ ತಿರುಪಿನ ಕಡ್ಡಿ, ‘ಟಕ್’ ಎಂದು ಬ್ಲಾಕಿನ ಮಟ್ಟಕ್ಕೇ ಮುರಿಯಿತು. ಆ ಸದ್ದು ಅಡುಗೆಮನೆಗೂ ಕೇಳಿಸಿತಂತೆ. ನನ್ನವಳು ಹೊರಗೆ ಬಂದು ನನ್ನ ಮುಖ ನೋಡಿ, ಏನೂ ಕೇಳದೆ ಚಹಾ ಇಟ್ಟು ಹೋದಳು.

ಮುರಿದದ್ದನ್ನು ತೆಗೆಯಲು ಪಂಪ್‌ಸೆಟ್ ಮೇಸ್ತ್ರಿ ಕಾಕಾ ಬಂದರು. ಕರೆಂಟ್ ಇಲ್ಲದ ಹೊಲಗಳಲ್ಲಿ ಪೆಟ್ರೋಲಿನಿಂದ ಶುರುವಾಗಿ ಸೀಮೆಎಣ್ಣೆಯಿಂದ ಓಡುತ್ತಿದ್ದ ಪಂಪುಗಳ ಕಾಲದವರು. ಸ್ಟಡ್ಡಿನ ನಟ್ಟನಡುವೆ ಪಂಚ್ ಹೊಡೆದು, ಸಣ್ಣ ಬಿಟ್ಟಿನಿಂದ ಶುರುಮಾಡಿ ಮೂರು ಸುತ್ತಿನಲ್ಲಿ ತೂತು ದೊಡ್ಡದು ಮಾಡಿ, ಉಳಿದ ಸಿಪ್ಪೆಯನ್ನು ಸುರುಳಿಯಂತೆ ಎಳೆದು ತೆಗೆದರು. ಬ್ಲಾಕಿನ ತೂತಿನೊಳಗಿನ ತಿರುಪು ಗೆರೆ ಒಂದಿಷ್ಟೂ ಕೆಡಲಿಲ್ಲ. “ಇಪ್ಪತ್ತು ನಿಮಿಷದ ಕೆಲಸಕ್ಕೆ ಹನ್ನೆರಡು ದಿನ ಎಣ್ಣೆ ಸ್ನಾನ ಮಾಡಿಸಿದ್ದೀರಲ್ಲ ಸರ್” ಎಂದರು. ಕೂಲಿ ತೆಗೆದುಕೊಳ್ಳಲಿಲ್ಲ. ಹೆಡ್ ಎತ್ತಿದ ಮೇಲೆ ಒಳಗೆ ಏನಿದೆ ಎಂದು ತಮಗೂ ತೋರಿಸಬೇಕು, ಅಷ್ಟೇ ಷರತ್ತು.

ಎತ್ತಿದೆವು. ಸಿಲಿಂಡರಿನ ಸುತ್ತ ನೀರು ಹರಿಯುವ ಪೊಳ್ಳಿನ ಕೆಳಗಿನ ಅರ್ಧ ತುಂಬಿಹೋಗಿತ್ತು. ಬೂದು ಬಣ್ಣದ ನುಣ್ಣನೆಯ ಮಣ್ಣು, ಎಂಜಿನ್ನಿನ ಶಾಖಕ್ಕೆ ಬೆಂದು ಇಟ್ಟಿಗೆಯಾಗಿದೆ. ಸ್ಕ್ರೂಡ್ರೈವರ್ ಕುಟ್ಟಿದರೆ ಹೆಂಚಿನ ಸದ್ದು. ಕಾಕಾ ಬಗ್ಗಿ ನೋಡಿ, “ಸರ್, ಇದು ಎಂಜಿನ್ನೋ, ಕೆರೆಯ ತೂಬೋ?” ಎಂದರು.

ಡಿಸೆಂಬರ್ 29

ಇಡೀ ವಾರ ಮಣ್ಣು ಕೆರೆದೆ.

ಇಂಥ ಎಂಜಿನ್‌ಗಳ ಬಗ್ಗೆ ಓದಬೇಕೆಂದರೆ ಹೆಚ್ಚು ಸಿಗುವುದು ಅಮೆರಿಕದ ಯೂನಿವರ್ಸಲ್ ಕಂಪನಿಯ ‘ಆಟಮಿಕ್ 4’ ಬಗ್ಗೆ. 1947ರಿಂದ 1984ರವರೆಗೆ ಸುಮಾರು 40,000 ತಯಾರಾದ, 30 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಅದು. ಆ ಕಡೆಯ ಹಾಯಿದೋಣಿಗಳಲ್ಲಿ ಮನೆಮಾತಾಗಿತ್ತು. ನನ್ನದು ಅದರ ಬಡ ದಾಯಾದಿ. ಪಕ್ಕದ ವಾಲ್ವ್, ಹೊರಗಿನ ನೀರನ್ನೇ ಎಳೆದು ತಣಿಸುವ ಪದ್ಧತಿ, ಎಲ್ಲ ಅದರಂತೆಯೇ. ಆದ್ದರಿಂದ ಅದರ ಕೈಪಿಡಿಯನ್ನೇ ಗುರುವಾಗಿ ಇಟ್ಟುಕೊಂಡಿದ್ದೆ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಸಮುದ್ರ. ಪುಟಪುಟಕ್ಕೂ ಉಪ್ಪಿನ ಭಯ: ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆ, ಯಾವ ಆಮ್ಲದಿಂದ ತೊಳೆಯಬೇಕು, ಸಿಹಿನೀರಿನಲ್ಲಿ ಓಡಿಸುವವರು ಎಷ್ಟು ಪುಣ್ಯವಂತರು. ನಾನೂ ಇಷ್ಟು ವರ್ಷ ಪುಣ್ಯವಂತನೆಂದೇ ನಂಬಿದ್ದೆ.

ನಮ್ಮ ಸಿಹಿನೀರಿನ ಕಥೆ ಬೇರೆ. 1953ರಲ್ಲಿ ಸಿದ್ಧವಾದ ಜಲಾಶಯಕ್ಕೆ ಆಗ ಹೇಳಿದ ಸಾಮರ್ಥ್ಯ 133 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 105.79. ನಡುವಿನ 27 ಟಿಎಂಸಿ ಜಾಗದಲ್ಲಿ ಕೂತಿರುವುದು ಹೂಳು. ಈ ಅಂಕಿಗಳನ್ನು ಪತ್ರಿಕೆಯಲ್ಲಿ ಪ್ರತಿ ವರ್ಷ ಓದುತ್ತೇನೆ, ಎರಡನೇ ಬೆಳೆಗೆ ನೀರಿಲ್ಲವೆಂದು ರೈತರು ರಸ್ತೆಗೆ ಇಳಿದಾಗಲೂ ಓದುತ್ತೇನೆ. ಅದೇ ಹೂಳನ್ನು ಚಮಚದಲ್ಲಿ ಕೆರೆದು ತೆಗೆಯುವ ಯೋಗ ನನಗೆ ಬರುತ್ತದೆಂದು ಎಣಿಸಿರಲಿಲ್ಲ.

ಆಮ್ಲ ಇಲ್ಲಿ ನಡೆಯುವುದಿಲ್ಲ. ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ಒಂದು ರಾತ್ರಿ ತುಂಬಿಟ್ಟೆ. ಗೋಡೆಗೆ ಹತ್ತಿದ ಸುಣ್ಣ ಮತ್ತು ತುಕ್ಕು ಬಿಟ್ಟಿತು, ಮಣ್ಣು ಹಾಗೆಯೇ ಇತ್ತು. ಮಣ್ಣಿಗೆ ಕೈಕೆಲಸವೇ ಮದ್ದು. ಸೈಕಲ್ಲಿನ ಹಳೆಯ ಬ್ರೇಕ್ ತಂತಿಯನ್ನು ಗೇಣುದ್ದ ಕತ್ತರಿಸಿ, ಒಂದು ತುದಿಯನ್ನು ಪೊರಕೆಯಂತೆ ಬಿಡಿಸಿ, ಇನ್ನೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದೆ. ಕಣ್ಣು ಕಾಣದ ಮೂಲೆಗೂ ಅದು ಬಾಗಿ ಹೋಗುತ್ತದೆ. ನಡುನಡುವೆ ಹಿತ್ತಲಿನ ಪೈಪಿನಿಂದ ಜೋರು ನೀರು. ಒಟ್ಟು ಹೊರಬಂದದ್ದು ಒಂದು ಸೇರು ತುಂಬುವಷ್ಟು.

ಜನವರಿ 12

ಚಿಕ್ಕ ಚಿಕ್ಕ ಕೆಲಸಗಳು. ಹೊಗೆ ಹೋಗುವ ವಾಲ್ವ್ ಅಂಟಿಕೊಂಡಿತ್ತು. ಬಿಡಿಸಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅಂಗೈಯಲ್ಲಿ ಕಡೆಗೋಲು ಉಜ್ಜಿದಂತೆ ಉಜ್ಜಿ ಕೂರಿಸಿದೆ. ಮೇಲೆ ಸೀಮೆಎಣ್ಣೆ ಸುರಿದು ಅರ್ಧ ಗಂಟೆ ಬಿಟ್ಟರೂ ಒಂದು ಹನಿ ಕೆಳಗೆ ಸೋರಲಿಲ್ಲ. ಮ್ಯಾಗ್ನೆಟೋದಲ್ಲಿ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್‌ಗಳನ್ನು ಉಜ್ಜಿ ಸಂದು 0.38 ಮಿ.ಮೀ. ಇಟ್ಟೆ. ಕಂಡೆನ್ಸರ್ ಹಳೆಯ ಸ್ಕೂಟರಿನದು. ಕಿಡಿ ಈಗ ನೀಲಿ.

ಹೆಡ್ ಮತ್ತೆ ಕೂರಿಸುವಾಗ ನಟ್‌ಗಳನ್ನು ಅಡ್ಡಡ್ಡ ಜೋಡಿಗಳಲ್ಲಿ, ಮೂರು ಸುತ್ತಿನಲ್ಲಿ ಬಿಗಿದೆ. ಒಂದೇ ಏಟಿಗೆ ಬಿಗಿದರೆ ಹೆಡ್ ಸೊಟ್ಟಗಾಗುತ್ತದೆ.

ನೀರಿನ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರದ (ಇಂಪೆಲ್ಲರ್) ಆರು ರೆಕ್ಕೆಗಳಲ್ಲಿ ನಾಲ್ಕೇ ಇವೆ. ಉಳಿದ ಎರಡು ಎಂಜಿನ್ನಿನೊಳಗೇ ಎಲ್ಲೋ ಇರಬೇಕು. ಹುಡುಕಿ ಸಾಕಾಯಿತು. ಅಳತೆ ಕೊಟ್ಟು ಹೊಸದನ್ನು ಅಂಚೆಯಲ್ಲಿ ತರಿಸಿದೆ.

ಜನವರಿ 26

ಧ್ವಜಾರೋಹಣ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಈ ಎರಡು ವಾರ ಕಾರ್ಬ್ಯುರೇಟರಿನದೇ ಕೆಲಸ. ಪೆಟ್ರೋಲ್ ಬಿಟ್ಟರೆ ಸಾಕು, ತುಂಬಿ ಹೊರಗೆ ಚೆಲ್ಲುತ್ತಿತ್ತು. ಸೂಜಿ ಸರಿಯಿದೆ, ಸೂಜಿಯ ಆಸನ ಸರಿಯಿದೆ. ಮತ್ತೇನು?

ಪೆಟ್ರೋಲಿನ ಮೇಲೆ ತೇಲಿ, ಸಾಕಷ್ಟು ತುಂಬಿದಾಗ ಸೂಜಿಯನ್ನು ಒತ್ತಿ ದಾರಿ ಮುಚ್ಚುವ ಫ್ಲೋಟ್ ಇದರಲ್ಲಿ ಹಿತ್ತಾಳೆಯದಲ್ಲ, ಬಿರಡೆ (ಕಾರ್ಕ್) ಮರದ ತುಂಡು. ಪೆಟ್ರೋಲ್ ಹೀರದಿರಲೆಂದು ಅದಕ್ಕೆ ಅರಗಿನ ಲೇಪ ಕೊಟ್ಟಿರುತ್ತಾರೆ. ಕೈಯಲ್ಲಿ ಹಿಡಿದರೆ ಅಂಟುತ್ತಿತ್ತು, ತೂಗಿದರೆ ನೆನೆದ ಬ್ರೆಡ್ಡಿನ ಭಾರ. ಆಗ ಹೊಳೆಯಿತು. ನಮ್ಮ ಬಡಗಿಗಳು ಬಾಗಿಲಿಗೆ ಹೊಡೆಯುವ ಪಾಲಿಷ್ ಎಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಸ್ಪಿರಿಟ್ ಎಂದರೆ ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಬೆರೆತಿರುತ್ತದೆ. ಹಳೆಯ ಪೆಟ್ರೋಲಿನಲ್ಲಿ ಹಾಯಾಗಿ ತೇಲಿದ ಬಿರಡೆ ಈ ಹೊಸ ಪೆಟ್ರೋಲಿನಲ್ಲಿ ಬಟ್ಟೆ ಕಳಚಿಕೊಂಡು ಮುಳುಗಿದೆ! ಮೂವತ್ತು ವರ್ಷ ಕಾಲೇಜಿನಲ್ಲಿ ಆರ್ಕಿಮಿಡೀಸನ ನಿಯಮ ಪಾಠ ಮಾಡಿದವನಿಗೆ ಇದು ತಿಳಿಯಲು ಒಂದು ವಾರ ಬೇಕಾಯಿತು.

ಬಿರಡೆಯನ್ನು ಎರಡು ದಿನ ಬಿಸಿಲಿಗಿಟ್ಟು, ಹಳೆಯ ಅರಗು ಕೆರೆದು, ಫೆವಿಕ್ವಿಕ್ ತೆಳ್ಳಗೆ ಮೂರು ಸಲ ಸವರಿದೆ. ಬೆರಳಿಗೂ ಸವರಿತು. ಈಗ ತೇಲುತ್ತದೆ. ಅದೇ ಪೆಟ್ರೋಲಿಗೆ ಹಳೆಯ ರಬ್ಬರ್ ಕೊಳವೆಯೂ ಉಬ್ಬಿತ್ತು, ಬದಲಾಯಿಸಿದೆ. ದೋಣಿಯ ಹೊಟ್ಟೆಯಲ್ಲಿ ಪೆಟ್ರೋಲ್ ಸೋರುವುದು ಸಣ್ಣ ಮಾತಲ್ಲ. ಅದರ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ತಳದಲ್ಲೇ ಮಡುಗಟ್ಟಿ ನಿಲ್ಲುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಪೆಟ್ರೋಲ್ ಬಿಟ್ಟು ದೋಣಿಗಳು ಡೀಸೆಲ್ಲಿಗೆ ಹೋದದ್ದಕ್ಕೆ ಇದು ದೊಡ್ಡ ಕಾರಣ. ಹೊರಗೆಳೆಯುವ ಫ್ಯಾನ್ ಐದು ನಿಮಿಷ ಓಡಿಸಿ, ಮೂಗು ಒಡ್ಡಿ ನೋಡಿ, ಆಮೇಲೆ ಹ್ಯಾಂಡಲ್. ಈ ಕ್ರಮವನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ. ಬೇರೆ ಎಲ್ಲವನ್ನೂ ತಪ್ಪಿಸಿದ್ದೇನೆ.

ಫೆಬ್ರುವರಿ 9

ಮೇಲಿನ ಕೊನೆಯ ಸಾಲಿಗೆ ಸಾಕ್ಷಿ ಬೇಕಿತ್ತು, ಇವತ್ತು ಸಿಕ್ಕಿತು.

ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಪಕ್ಕದಲ್ಲಿ ನೀರು ತುಂಬಿದ ಬ್ಯಾರೆಲ್ ಇಟ್ಟು, ಪಂಪಿನ ಕೊಳವೆಯನ್ನು ಅದರಲ್ಲಿ ಇಳಿಬಿಟ್ಟು ಹ್ಯಾಂಡಲ್ ತಿರುಗಿಸಿದೆ. ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದೆ. ಚೋಕ್ ಎಳೆದು, ಬಿಟ್ಟು, ಬೈದು, ಸುಮಾರು ಎಂಬತ್ತು ಸುತ್ತು. ಇದ್ದಕ್ಕಿದ್ದಂತೆ ಹ್ಯಾಂಡಲ್ ಗೋಡೆಗೆ ಗುದ್ದಿದಂತೆ ನಿಂತಿತು.

ಎಂಜಿನ್ ಹೊತ್ತಿಕೊಳ್ಳದಿದ್ದರೂ ಸುತ್ತು ಸುತ್ತಿಗೂ ಪಂಪು ನೀರು ಎತ್ತುತ್ತಲೇ ಇರುತ್ತದೆ. ಆ ನೀರು ಹೊಗೆಕೊಳವೆಗೆ ಸೇರುತ್ತದೆ. ಹೊಗೆ ಇದ್ದರೆ ಅದನ್ನು ಹೊರಗೆ ದಬ್ಬುತ್ತದೆ. ಹೊಗೆಯೇ ಇಲ್ಲದಿದ್ದರೆ ನೀರು ತುಂಬಿ, ತೆರೆದ ವಾಲ್ವಿನಿಂದ ಹಿಂದಕ್ಕೆ ಸಿಲಿಂಡರಿಗೇ ಬರುತ್ತದೆ. ಕೈಪಿಡಿಯಲ್ಲಿ ಇದು ದಪ್ಪ ಅಕ್ಷರಗಳಲ್ಲಿದೆ: ಚಾಲೂ ಆಗುವವರೆಗೆ ನೀರಿನ ಕವಾಟ ಮುಚ್ಚಿಡಿ, ಆದ ತಕ್ಷಣ ತೆರೆಯಿರಿ. ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದವನೂ ನಾನೇ.

ಪ್ಲಗ್ ಬಿಚ್ಚಿ ತಿರುಗಿಸಿದಾಗ ಕಾರಂಜಿ ಚಿಮ್ಮಿತು. ಕೆಳಗಿನ ಎಣ್ಣೆ ತೆಗೆದು ನೋಡಿದರೆ ಕಡೆದಿಟ್ಟ ಮಜ್ಜಿಗೆ. ಸಿಲಿಂಡರಿಗೆ ಡೀಸೆಲ್ ಹಾಕಿ ತೊಳೆದು, ಎಣ್ಣೆ ಬದಲಾಯಿಸಿ, ತಿರುಗಿಸಿ, ಮತ್ತೆ ಬದಲಾಯಿಸಿದೆ. ಮೂರನೇ ಸಲಕ್ಕೆ ಎಣ್ಣೆ ಎಣ್ಣೆಯ ಬಣ್ಣದಲ್ಲಿ ಉಳಿಯಿತು. ಕಾಕಾನಿಗೆ ಹೇಳಿಲ್ಲ.

ಫೆಬ್ರುವರಿ 16

ಕವಾಟ ಮುಚ್ಚಿ, ನಾಲ್ಕನೇ ಸುತ್ತಿಗೆ ಹೊತ್ತಿಕೊಂಡಿತು. ಕವಾಟ ತೆರೆದೆ. ಮೊದಲು ಹೊಗೆ, ಆಮೇಲೆ ಕೆಂಪು ನೀರು, ಆಮೇಲೆ ಕಳೆದುಹೋಗಿದ್ದ ಒಂದು ರಬ್ಬರ್ ರೆಕ್ಕೆ, ಆಮೇಲೆ ತಿಳಿನೀರು. ಇಪ್ಪತ್ತು ನಿಮಿಷ ಓಡಿಸಿದೆ. ಹೊರಬರುವ ನೀರಿನಲ್ಲಿ ಕೈ ಇಟ್ಟುಕೊಳ್ಳುವಷ್ಟೇ ಬಿಸಿ. ಎದುರು ಮನೆಯ ಹುಡುಗರು ಕಾಂಪೌಂಡ್ ಹತ್ತಿ ಕೂತಿದ್ದರು. ನಿಲ್ಲಿಸಿದಾಗ ಒಬ್ಬ, “ಸರ್, ಇನ್ನೊಂದು ಸಲ” ಎಂದ. ಇನ್ನೊಂದು ಸಲ ಓಡಿಸಿದೆ.

ಮಾರ್ಚ್ 2

ಎಂಜಿನ್ ದೋಣಿಗೆ ಮರಳಿತು. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವಲ್ಲಿ ನೀರು ಒಳಗೆ ನುಗ್ಗದಂತೆ ತಡೆಯುವ ಗ್ಲಾಂಡಿಗೆ ಗ್ರಾಫೈಟ್ ಹಗ್ಗ ಸುತ್ತಬೇಕಿತ್ತು. ಅದಕ್ಕೆ ಮುಂಬೈಗೆ ಬರೆಯುವ ಅಗತ್ಯವಿಲ್ಲ, ಗಂಗಾವತಿಯಲ್ಲಿ ರೈಸ್‌ಮಿಲ್ಲಿನ ಸಾಮಾನು ಮಾರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಮೂರು ಉಂಗುರ, ಓರೆಯಾಗಿ ಕತ್ತರಿಸಿ, ಜೋಡಣೆಗಳು ಒಂದರ ಮೇಲೊಂದು ಬಾರದಂತೆ. ಪೂರ್ತಿ ಬಿಗಿದರೆ ಶಾಫ್ಟ್ ಸುಡುತ್ತದೆ. ಓಡುವಾಗ ನಿಮಿಷಕ್ಕೆ ನಾಲ್ಕಾರು ಹನಿ ತೊಟ್ಟಿಕ್ಕಿದರೆ ಅದೇ ಸರಿ.

ನೀರು ಎಳೆಯುವ ಕೊಳವೆಗೆ ಗಾಜಿನ ಬಟ್ಟಲಿನ ಜಾಲರಿ ಸೇರಿಸಿದ್ದೇನೆ. ಸಂಜೆ ನಲವತ್ತು ನಿಮಿಷ ಹಿನ್ನೀರಿನಲ್ಲಿ ಓಡಿಸಿದೆವು. ಕಾಯಲಿಲ್ಲ. ದಂಡೆಗೆ ಬಂದು ಬಟ್ಟಲು ಬಿಚ್ಚಿದರೆ ತಳದಲ್ಲಿ ಎರಡು ಚಮಚ ಬೂದು ಮಣ್ಣು. ಜಾಲರಿಗೆ ಸಿಕ್ಕದ ನುಣುಪು ಇನ್ನೆಷ್ಟು ಒಳಗೆ ಹೋಗಿದೆಯೋ. ಜೊತೆಗಿದ್ದ ಹರಿಗೋಲಿನ ಅಣ್ಣ ಬೆರಳಿನಲ್ಲಿ ತಿಕ್ಕಿ ನೋಡಿ, “ಹೊಲಕ್ಕೆ ಒಳ್ಳೆಯ ಮಣ್ಣು ಸರ್” ಎಂದ.

ಹಾಗಾಗಿ ನಿರ್ಧಾರ ಬದಲಾಗಿದೆ. ಹೊರಗಿನ ನೀರು ಎಂಜಿನ್ನಿನೊಳಗೆ ಬರುವುದೇ ಬೇಡ. ದೋಣಿಯ ತಳಕ್ಕೆ ಹೊರಗಿನಿಂದ ತಾಮ್ರದ ಕೊಳವೆ ಅಂಟಿಸಿ, ಒಳಗೆ ಶುದ್ಧ ನೀರು ಮತ್ತು ಕೂಲಂಟ್ ತುಂಬಿ ಅದನ್ನೇ ಸುತ್ತಿಸುವುದು; ಕಾರಿನ ರೇಡಿಯೇಟರಿನ ಕೆಲಸವನ್ನು ಜಲಾಶಯವೇ ಮಾಡಲಿ. ಹೊಗೆಕೊಳವೆಯನ್ನು ತಣಿಸಲು ಮಾತ್ರ ಹೊರಗಿನ ನೀರು, ಅದಕ್ಕೆ ಬೇರೆ ಸಣ್ಣ ಪಂಪು. ಎಷ್ಟು ಉದ್ದದ ಕೊಳವೆ ಸಾಕಾಗುತ್ತದೆಂದು ಲೆಕ್ಕ ಹಾಕುತ್ತಿದ್ದೇನೆ. ಕಾಕಾ ಹದಿನೈದು ಅಡಿ ಎನ್ನುತ್ತಾರೆ, ನನ್ನ ಕಾಗದದಲ್ಲಿ ಒಂಬತ್ತು ಬರುತ್ತಿದೆ. ತಾಮ್ರದ ಬೆಲೆ ಕೇಳಿದ ಮೇಲೆ ನನ್ನ ಕಾಗದವೇ ಸರಿ ಎನಿಸುತ್ತಿದೆ. ಆದರೂ ಅಂಗಡಿಯವರಿಗೆ ಹದಿನೈದೇ ತೆಗೆದಿಡಲು ಹೇಳಿದ್ದೇನೆ.