ಸಿಟಿಸಿ 18 ಲಕ್ಷ, ಕೈಗೆಷ್ಟು?

ಒಂದೇ ಕಾಲ್‌ನಲ್ಲಿ ಇಬ್ಬರೂ ಸುಳ್ಳು ಹೇಳಿದ್ದೆವು: ಕಂಪನಿಗಳಿಗೆ ಜನ ಹುಡುಕಿಕೊಡೋ ರಿಕ್ರೂಟರ್ ನಾನು, ಕೆಲಸ ಹುಡುಕುತ್ತಿದ್ದ ಹುಡುಗ ಆತ. "ಸ್ಯಾಲರಿ ಬ್ರೇಕಪ್ ಕಳಿಸ್ತೀರಾ ಮೇಡಂ?" ಅಂತ ಹುಡುಗ ಕೇಳಿದ. "ಇನ್ನೂ ರೆಡಿ ಇಲ್ಲ, ಆಫರ್ ಲೆಟರ್ ಜೊತೆ ಬರುತ್ತೆ" ಅಂದೆ. ಶೀಟ್ ನನ್ನ ಸ್ಕ್ರೀನ್ ಮೇಲೇ ಇತ್ತು. ಒಪ್ಪಿಕೊಳ್ಳೋ ತನಕ ತೋರಿಸಬೇಡಿ ಅನ್ನೋದು ಕ್ಲೈಂಟ್ ಅಪ್ಪಣೆ. ಬೇರೆ ಆಫರ್ ಇದೆಯಾ ಅಂದರೆ ಆತ, "ಇಲ್ವೇ ಇಲ್ಲ ಮೇಡಂ, ನಿಮ್ಮದೇ ಫಸ್ಟ್."

ಶೀಟ್‌ನಲ್ಲಿದ್ದದ್ದು ಇಷ್ಟು: ಸಿಟಿಸಿ, ಅಂದರೆ ಆತನಿಗಾಗಿ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 18 ಲಕ್ಷ; ಬೇಸಿಕ್ 9 ಲಕ್ಷ. ಅದರ ಮೇಲೆ ಶೇ 12ರಂತೆ ಕಂಪನಿ ಪಾಲಿನ ಪಿಎಫ್ 1,08,000. ಶೇ 4.81ರಂತೆ ಗ್ರಾಚ್ಯುಟಿ 43 ಸಾವಿರ ಚಿಲ್ಲರೆ. ವೇರಿಯಬಲ್ 1,80,000, ಅದೂ ಬಂದರೆ ಬಂತು. ಅಲ್ಲಿಗೇ ಮೂರು ಲಕ್ಷದ ಮೇಲೆ ಹೋಯ್ತು. ಆತನ ಪಾಲಿನ ಪಿಎಫ್, ಸಂಬಳದಲ್ಲೇ ಹಿಡಿಯೋ ತೆರಿಗೆ (ಟಿಡಿಎಸ್) ಬೇರೆ. ಐದು ವರ್ಷ ದುಡಿದರೆ ಕೊಡೋ ಗ್ರಾಚ್ಯುಟಿಯನ್ನ ಈ ವರ್ಷದ ಸಂಬಳ ಅಂತ ತೋರಿಸೋದು ಯಾವೂರ ನ್ಯಾಯವೋ!

ಆತ ಆಫರ್ ಒಪ್ಪಿಕೊಂಡ. ಹಳೇ ಕಂಪನಿಯಲ್ಲಿ ನೋಟಿಸ್ 90 ದಿನ. ನಮ್ಮ ಲೆಟರ್ ಹಿಡಿದುಕೊಂಡು ಊರೆಲ್ಲ ಇಂಟರ್‌ವ್ಯೂ ಕೊಡೋಕೆ ಧಾರಾಳ ಟೈಮು.

ಜಾಯಿನಿಂಗ್ ದಿನ, ಸೋಮವಾರ ಒಂಬತ್ತೂವರೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲ ರೆಡಿ. ಆತನಿಗೆ ಫೋನ್ ಮಾಡಿದೆ, ರಿಂಗಾಯ್ತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಕಟ್ ಮಾಡಿದ. ಆಮೇಲೆ ಸ್ವಿಚ್ ಆಫ್. ಅತ್ತ ಹೈರಿಂಗ್ ಮ್ಯಾನೇಜರ್ ಪಿಂಗ್ ಮೇಲೆ ಪಿಂಗ್. "ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಾಕೊಂಡಿದ್ದಾರಂತೆ ಸರ್" ಅಂತ ಟೈಪ್ ಮಾಡಿದೆ. ಬೆಂಗಳೂರಲ್ಲಿ ಈ ಮಾತಿಗೆ ಯಾರೂ ಸಾಕ್ಷಿ ಕೇಳಲ್ಲ. ಮಧ್ಯಾಹ್ನ ವಾಟ್ಸಾಪ್ ಬಂತು: "ಸಾರಿ ಮೇಡಂ, ಬೇರೆ ಕಡೆ ಇನ್‌ಹ್ಯಾಂಡ್ ಜಾಸ್ತಿ."

ಆತ ಸೇರಿದ್ದರೆ ನನಗೆ ಸಿಗಬೇಕಿದ್ದ ಇನ್ಸೆಂಟಿವ್ ಹೋಯ್ತು. "ಬ್ಲಾಕ್‌ಲಿಸ್ಟ್ ಮಾಡಿ ಅವನನ್ನ" ಅಂತ ನಮ್ಮ ಟೀಮ್ ಲೀಡ್ ಕೂಗಾಡಿದರು. ಒಪ್ಪಿಕೊಂಡು ಕೈಕೊಟ್ಟವರ ಬಗ್ಗೆ ನಡೆಯೋ ಆಫರ್ ಡ್ರಾಪ್ ಮೀಟಿಂಗ್‌ನಲ್ಲಿ ಎಲ್ಲರಿಗೂ ಕ್ಯಾಂಡಿಡೇಟ್‌ಗಳ ನೀತಿಯದ್ದೇ ಚಿಂತೆ. ಅವರು ಎಕ್ಸ್‌ಪೀರಿಯನ್ಸ್‌ನಲ್ಲಿ ಸುಳ್ಳು ಹೇಳಿದರೆ ಹಿಡಿಯೋಕೆ ಹಿನ್ನೆಲೆ ತಪಾಸಣೆ (ಬಿಜಿವಿ) ಇದೆ, ಪಿಎಫ್ ಸರ್ವಿಸ್ ಹಿಸ್ಟರಿ ಇದೆ, ಫಾರ್ಮ್ 16 ಇದೆ. ನಾವು ಹೇಳೋ ಸುಳ್ಳಿಗೆ ಯಾವ ವೆರಿಫಿಕೇಶನ್ನೂ ಇಲ್ಲ. ಮೊದಲ ಸ್ಯಾಲರಿ ಸ್ಲಿಪ್ ಬಂದಾಗಲೇ ಗೊತ್ತಾಗೋದು.

ಈಗ ನಾನು ಮೊದಲ ಕಾಲ್‌ನಲ್ಲೇ ಫಿಕ್ಸೆಡ್ ಇಷ್ಟು, ವೇರಿಯಬಲ್ ಇಷ್ಟು ಅಂತ ಬಿಡಿಸಿ ಹೇಳ್ತೀನಿ. ಲೀಡ್‌ಗೆ ಇಷ್ಟವಿಲ್ಲ, "ಎಲ್ಲ ಹೇಳ್ತಾ ಕೂತ್ರೆ ಪೊಸಿಷನ್ ಕ್ಲೋಸ್ ಹೆಂಗಾಗುತ್ತೆ?" ಅಂತಾರೆ. ಕೆಲವರು ಅಲ್ಲೇ ಕಾಲ್ ಕಟ್ ಮಾಡ್ತಾರೆ ನಿಜ. ಮೊನ್ನೆ ಒಬ್ಬರು, "ಕೈಲಿ ಮೂರು ಆಫರ್ ಇದೆ ಮೇಡಂ, ನಿಮ್ಮದೇ ಕಡಿಮೆ" ಅಂದರು. ಥ್ಯಾಂಕ್ಸ್ ಹೇಳಿ ಮುಂದಿನ ಪ್ರೊಫೈಲ್ ತೆಗೆದೆ.