ಸಿಗಾರ್ ಓಡಿದ ಅಂಗಳ

ನನ್ನ ಸೋದರಮಾವನ ಮನೆಯ ನಡುಮನೆಯಲ್ಲಿ ದೇವರ ಫೋಟೊಗಳ ಸಾಲಿನ ಕೊನೆಗೆ ಒಂದು ಕುದುರೆಯ ಚಿತ್ರವಿದೆ. ಯಾವುದೋ ಇಂಗ್ಲಿಷ್ ರೇಸ್ ಪತ್ರಿಕೆಯಿಂದ ಕತ್ತರಿಸಿ, ಕಟ್ಟು ಹಾಕಿಸಿದ್ದು. ಕಂದು ಮೈ, ಕಪ್ಪು ಜೂಲು, ಮುಂದಕ್ಕೆ ಚಾಚಿದ ಕತ್ತು. ಕೆಳಗೆ ಮಾವ ಬಾಲ್‌ಪೆನ್ನಿನಲ್ಲಿ ದುಂಡಗೆ ಬರೆದಿದ್ದಾರೆ: ‘ಸಿಗಾರ್, ಬಾಸ್ಟನ್, 1996’. ಮಾವ ಬೆಂಗಳೂರಿನ ರೇಸ್‌ಕೋರ್ಸಿನ ಲಾಯದಲ್ಲಿ ಮೂವತ್ತೊಂದು ವರ್ಷ ಸೈಸ್ ಆಗಿದ್ದವರು. ಒಂದು ದಿನವೂ ಕುದುರೆ ಮೇಲೆ ದುಡ್ಡು ಕಟ್ಟಿದವರಲ್ಲ. ಕುದುರೆಗೆ ಮೈ ಉಜ್ಜುವುದು, ಹುರುಳಿ ಬೇಯಿಸುವುದು, ಗೊರಸು ಕೆರೆಯುವುದು ಅವರ ಕೆಲಸ. ಸಂಜೆ ಅವರು ಮನೆಗೆ ಬಂದರೆ ಬಾಗಿಲಲ್ಲೇ ಬೇಯಿಸಿದ ಹುರುಳಿ ಮತ್ತು ಕುದುರೆ ಬೆವರಿನ ವಾಸನೆ ಬರುತ್ತಿತ್ತು. ಹುಡುಗನಾಗಿದ್ದಾಗ ನನಗೆ ಅದೇ ಮಾವನ ವಾಸನೆ.

2022ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನ ಮಗಳ ಮನೆಗೆ ಹೊರಟಾಗ ಮಾವ ಕೇಳಿದ್ದು ಒಂದೇ: “ಸಿಗಾರ್ ಓಡಿದ ಜಾಗ ನೋಡ್ಕೊಂಡು ಬಾರಪ್ಪ.”

ಮೂರು ವಾರ ಇದ್ದೆ. ಹಾರ್ವರ್ಡ್ ನೋಡಿದೆ, ಚಾರ್ಲ್ಸ್ ನದಿ ದಡದಲ್ಲಿ ನಡೆದೆ, ಒಂದು ಶನಿವಾರ ನ್ಯೂ ಹ್ಯಾಂಪ್‌ಶೈರಿಗೆ ಹೋಗಿ ಕೆಂಪಾದ ಎಲೆಗಳನ್ನು ಕಣ್ತುಂಬ ನೋಡಿ ಬಂದೆವು. ಚೆನ್ನಾಗಿತ್ತು. ಅದನ್ನೆಲ್ಲ ಬರೆದವರು ಸಾವಿರ ಜನ ಇದ್ದಾರೆ. ನಾನು ಬರೆಯಲು ಕೂತಿರುವುದು ಒಂದು ಮಧ್ಯಾಹ್ನದ ಬಗ್ಗೆ.

“ಅಪ್ಪಾ, ಅಲ್ಲೀಗ ರೇಸೇ ಇಲ್ಲ, ಏನ್ ನೋಡ್ತೀಯ?” ಎಂದಳು ಮಗಳು. ಅವಳಿಗೆ ಆಫೀಸಿತ್ತು. ನಾನೊಬ್ಬನೇ ಹೊರಟೆ. ಅಲ್ಲೇ ತಪ್ಪಿದ್ದು. ಮೊಬೈಲಿನಲ್ಲಿ ಆ ರೇಸ್‌ಕೋರ್ಸಿನ ಹೆಸರು ‘ಸಫಕ್ ಡೌನ್ಸ್’ ಎಂದು ಒತ್ತಿ ಟ್ಯಾಕ್ಸಿ ಹತ್ತಿದೆ. ಚಾಲಕ ನನ್ನನ್ನು ಇಳಿಸಿದ್ದು ರೇಸ್‌ಕೋರ್ಸಿನ ಹಿಂಬದಿಗೆ. ಆ ಗೇಟಿಗೆ ಬೀಗ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾರು ತಿರುಗಿಸಿಕೊಂಡು ಹೋಗಿಬಿಟ್ಟ. ಒಂದು ಕಡೆ ತಂತಿಬೇಲಿ, ಬೇಲಿಯಾಚೆ ಮಣ್ಣಿನ ಗುಡ್ಡೆ, ಕ್ರೇನು. ಮೊಣಕಾಲು ನೋವಿನ ನನ್ನಂಥವನಿಗೆ ಆ ಗಾಳಿಯಲ್ಲಿ ಮುಕ್ಕಾಲು ಗಂಟೆ ಬೇಲಿ ಸುತ್ತುವುದೆಂದರೆ ಶಿಕ್ಷೆ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ಟ್ಯಾಕ್ಸಿ ಗೊಡವೆಗೇ ಹೋಗಬೇಡಿ. ಬ್ಲೂ ಲೈನ್ ರೈಲು ಹತ್ತಿ ಸಫಕ್ ಡೌನ್ಸ್ ಅನ್ನುವ ನಿಲ್ದಾಣದಲ್ಲೇ ಇಳಿಯಿರಿ. ಕುದುರೆ ಹೋದರೂ ನಿಲ್ದಾಣದ ಹೆಸರು ಹೋಗಿಲ್ಲ. ಉಲ್ಲನ್ನಿನ ಟೋಪಿ ಮರೆಯಬೇಡಿ, ಅಲ್ಲಿ ಬೀಸುವುದು ಸಮುದ್ರದ ಗಾಳಿ.

ಆದರೆ ಆ ಸುತ್ತಾಟದಲ್ಲೇ ಜಾಗದ ಪರಿಚಯ ಆಯಿತು ಅನ್ನಬೇಕು. ಪಕ್ಕದಲ್ಲೇ ಉಪ್ಪುನೀರಿನ ಜೌಗು, ಕಂದು ಹುಲ್ಲಿನ ನಡುವೆ ಬೆಳ್ಳಕ್ಕಿಗಳು. ತಲೆ ಮೇಲೆ ಒಂದರ ಹಿಂದೊಂದು ಲೋಗನ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ಇಂಥ ಜೌಗಿನ ಮೇಲೆಯೇ 1935ರಲ್ಲಿ ಈ ರೇಸ್‌ಕೋರ್ಸನ್ನು ಎರಡೇ ತಿಂಗಳಲ್ಲಿ ಎಬ್ಬಿಸಿ ನಿಲ್ಲಿಸಿದರಂತೆ. ಆರ್ಥಿಕ ಮುಗ್ಗಟ್ಟಿನ ಕಾಲ. ಸರ್ಕಾರಕ್ಕೆ ತೆರಿಗೆ ಬೇಕಿತ್ತು, ಜನಕ್ಕೆ ಕೂಲಿ ಬೇಕಿತ್ತು. ಹಿಂದಿನ ವರ್ಷವಷ್ಟೇ ಆ ರಾಜ್ಯದಲ್ಲಿ ಕುದುರೆ ಮೇಲೆ ಹಣ ಕಟ್ಟುವುದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಅದೇ 1935ರಲ್ಲಿ ಇಲ್ಲಿಯ ದೊಡ್ಡ ರೇಸು, ಮ್ಯಾಸಚೂಸೆಟ್ಸ್ ಹ್ಯಾಂಡಿಕ್ಯಾಪ್ ಶುರುವಾಯಿತು. ಅಲ್ಲಿಯವರ ಬಾಯಲ್ಲಿ ಅದು ‘ಮ್ಯಾಸ್‌ಕ್ಯಾಪ್’.

ಕೊನೆಗೆ ಮುಂಬಾಗಿಲು ಸಿಕ್ಕಿತು. ಒಳಗೆ ಸಾಲು ಸಾಲು ಟಿವಿಗಳು. ಬೇರೆ ಊರುಗಳಲ್ಲಿ ನಡೆಯುವ ರೇಸುಗಳನ್ನು ನೋಡುತ್ತಾ, ಇಲ್ಲೇ ಕೂತು ಹಣ ಕಟ್ಟಲು ಆಗಲೂ ಜನ ಬರುತ್ತಿದ್ದರು. ಹೆಚ್ಚಿನವರು ಎಪ್ಪತ್ತು ದಾಟಿದವರು. ನಾನು ಟಿವಿಗಳಿಗೆ ಬೆನ್ನು ಹಾಕಿ ಗಾಜಿನ ಕಿಟಕಿ ಹತ್ತಿರ ನಿಂತೆ. ಹೊರಗೆ ಹಳೇ ಟ್ರ್ಯಾಕು. ಸಿಗಾರ್ ಇಲ್ಲಿ ಓಡಿದ್ದು ನಮ್ಮ ಬೆಂಗಳೂರಿನಂತೆ ಹುಲ್ಲಿನ ಮೇಲಲ್ಲ, ಮಣ್ಣಿನ ಮೇಲೆ. ಆ ಮಣ್ಣಿನಲ್ಲಿ ಆಗ ಮೊಣಕಾಲುದ್ದ ಕಳೆ.

“ಅಲ್ಲೇನೂ ಇಲ್ಲ, ನೋಡಬೇಕಾದ್ದು ಈ ಕಡೆ” ಎಂದರು ಪಕ್ಕದ ಕುರ್ಚಿಯ ಅಜ್ಜ.

“ಸಿಗಾರ್ ಓಡಿದ್ದು ಇಲ್ಲೇ ಅಲ್ಲವೇ?” ಎಂದೆ.

ಅವರು ಕೈಯಲ್ಲಿದ್ದ ರೇಸ್ ಪುಸ್ತಕ ಮಡಚಿಟ್ಟು, ಕುರ್ಚಿಯನ್ನೇ ಕಿಟಕಿ ಕಡೆ ತಿರುಗಿಸಿಕೊಂಡರು. ಮುಂದಿನ ಎರಡು ಗಂಟೆ ಅವರು ಟಿವಿ ಕಡೆ ನೋಡಲಿಲ್ಲ.

ಹದಿನೇಳನೇ ವಯಸ್ಸಿಗೆ ಇದೇ ಲಾಯಕ್ಕೆ ಕೆಲಸಕ್ಕೆ ಸೇರಿದವರು ಅವರು. ರೇಸು ಮುಗಿಸಿ ಬಂದ ಕುದುರೆಯನ್ನು ಮೈ ಬಿಸಿ ಇಳಿಯುವವರೆಗೆ ಹಗ್ಗ ಹಿಡಿದು ನಡೆಸುವ ಕೆಲಸ. ಅವರ ಅಪ್ಪನೂ ಈ ಅಂಗಳಕ್ಕೆ ಬರುತ್ತಿದ್ದವರೇ. 1938ರ ಕತೆಯನ್ನು ಅಪ್ಪ ಹೇಳಿದ್ದಂತೆಯೇ ಹೇಳಿದರು.

ಆ ಕತೆಗೆ ಹಿಂದಿನದೊಂದು ತುಂಡು ಇದೆ. ಸೀಬಿಸ್ಕಿಟ್ ಎಂಬ ಕುದುರೆ ನೋಡಲು ಗಿಡ್ಡ, ಮುಂಗಾಲು ಸೊಟ್ಟ. ಎರಡು ವರ್ಷದ ಮರಿಯಾಗಿದ್ದಾಗಲೇ 35 ಸಲ ಓಡಿಸಿ ಹಣ್ಣು ಮಾಡಿದ್ದರು. 1936ರಲ್ಲಿ ಟಾಮ್ ಸ್ಮಿತ್ ಎಂಬ ತರಬೇತುದಾರ ಅದನ್ನು ಮೊದಲು ನೋಡಿದ್ದು ಇದೇ ಸಫಕ್ ಡೌನ್ಸಿನ ಬೇಲಿ ಪಕ್ಕ ನಿಂತು. ಕುದುರೆ ನಿಂತು ತನ್ನನ್ನೇ ದಿಟ್ಟಿಸಿತು ಎಂದು ಆತ ಹೇಳಿಕೊಂಡಿದ್ದುಂಟು. ಅದೇ ವರ್ಷ ಚಾರ್ಲ್ಸ್ ಹೋವರ್ಡ್ ಎಂಬ ಸಾಹುಕಾರ ಅದನ್ನು ಕೊಂಡರು. 1937ರಲ್ಲಿ ಇಲ್ಲಿಗೇ ಮರಳಿ ಬಂದು ಸೀಬಿಸ್ಕಿಟ್ ಮ್ಯಾಸ್‌ಕ್ಯಾಪ್ ಗೆದ್ದಿತು. ಮರುವರ್ಷ ಇದೇ ರೇಸಿನಲ್ಲಿ ಅದಕ್ಕೂ ವಾರ್ ಅಡ್ಮಿರಲ್ ಎಂಬ ಮಹಾಶೂರನಿಗೂ ಮುಖಾಮುಖಿ ಎಂದಾಗ 60 ಸಾವಿರಕ್ಕೂ ಹೆಚ್ಚು ಜನ ಸೇರಿದರು.

“ನನ್ನಪ್ಪ ಕಂಬ ಹತ್ತಿ ಕೂತಿದ್ದನಂತೆ” ಎಂದರು ಅಜ್ಜ. “ಇನ್ನೇನು ಒಂದು ಗಂಟೆಯೂ ಉಳಿದಿಲ್ಲ ಅನ್ನುವಾಗ ಮೈಕಿನಲ್ಲಿ ಹೇಳಿದರು, ಸೀಬಿಸ್ಕಿಟ್ ಓಡುವುದಿಲ್ಲ, ಕಾಲಿಗೆ ಏಟಾಗಿದೆ ಅಂತ. ಜನ ಕೂಗಾಡಿದರು. ನನ್ನಪ್ಪನೂ ಕೂಗಿದ. ಆಮೇಲೆ ನಾನು ಈ ಕೆಲಸಕ್ಕೆ ಸೇರಿದ ದಿನ ಹೇಳಿದ: ಕಾಲು ನೋಡಿ ಓಡಿಸಬೇಡ ಅಂದವನೇ ಆ ದಿನದ ಗಂಡಸು ಕಣೋ.”

ಇದನ್ನು ಕೇಳಿ ನನಗೆ ಮಾವನ ಮುಖ ಕಣ್ಣೆದುರು ಬಂತು. ಒಮ್ಮೆ ಕುದುರೆಯ ಹಿಂಗಾಲಿನ ಕೀಲು ಬೆಚ್ಚಗಿದೆ, ಇವತ್ತು ಓಡಿಸಬೇಡಿ ಅಂದದ್ದಕ್ಕೆ ಬೈಸಿಕೊಂಡು, ಎರಡು ದಿನ ಊಟ ಸೇರದೆ ಕೂತಿದ್ದರು. ಅಂದಹಾಗೆ ಆ ದಿನ ವಾರ್ ಅಡ್ಮಿರಲ್ ಕೂಡ ನಾಲ್ಕನೆಯದಾಗಿ ಬಂತು. ಗೆದ್ದದ್ದು ಮೀನೌ ಎಂಬ ಕುದುರೆ. 1942ರಲ್ಲಿ ವರ್ಲವೇ ಎಂಬ ಕುದುರೆ ಗೆದ್ದು, ಗಳಿಕೆಯಲ್ಲಿ ಸೀಬಿಸ್ಕಿಟ್‌ನ ದಾಖಲೆ ದಾಟಿದ್ದೂ ಇದೇ ಮ್ಯಾಸ್‌ಕ್ಯಾಪ್‌ನಲ್ಲಿ.

ಹ್ಯಾಂಡಿಕ್ಯಾಪ್ ಎಂದರೆ ಏನೆಂದು ರೇಸು ಗೊತ್ತಿಲ್ಲದವರಿಗೆ ಹೇಳಬೇಕು. ಯಾವ ಕುದುರೆ ಜೋರೋ ಅದರ ಬೆನ್ನಿಗೆ ಹೆಚ್ಚು ಭಾರ. ಜಾಕಿಯ ತೂಕ ಸಾಲದಿದ್ದರೆ ಜೀನಿನ ಅಡಿ ಸೀಸದ ಬಿಲ್ಲೆಗಳನ್ನು ಸೇರಿಸುತ್ತಾರೆ. ಗೆದ್ದಷ್ಟೂ ಹೊರೆ ಏರುತ್ತದೆ. 1996ರ ಜೂನ್ 1ರ ಮ್ಯಾಸ್‌ಕ್ಯಾಪ್‌ನಲ್ಲಿ ಸಿಗಾರ್ ಹೊತ್ತದ್ದು 130 ಪೌಂಡ್, ಸುಮಾರು 59 ಕೆ.ಜಿ. ಆ ಭಾರ ಹೊತ್ತು ಸುಮಾರು 1800 ಮೀಟರ್ ಓಡಿ ಗೆದ್ದಿತು. ಹಿಂದಿನ ವರ್ಷವೂ ಇಲ್ಲಿ ಗೆದ್ದಿತ್ತು. 96ರದ್ದು ಅದರ ಸತತ 15ನೇ ಗೆಲುವು. ಮುಂದಿನ ರೇಸೂ ಸೇರಿ 16ಕ್ಕೆ ಮುಟ್ಟಿ ನಿಂತಿತು.

“ಈ ಜಾಗಕ್ಕೆ ಮತ್ತೆ ಜೀವ ಬಂದದ್ದೇ ಅದರಿಂದ” ಎಂದರು ಅಜ್ಜ. ರೇಸ್‌ಕೋರ್ಸು 1989ರ ಕೊನೆಗೆ ಮುಚ್ಚಿ 1992ರಲ್ಲಿ ತೆರೆದಿತ್ತು. ಮ್ಯಾಸ್‌ಕ್ಯಾಪ್ ಮರಳಿದ್ದು 1995ರಲ್ಲಿ, ಸಿಗಾರ್ ಜೊತೆಗೆ. “96ರಲ್ಲಿ ಕುದುರೆ ಲಾರಿಯಿಂದ ಇಳಿಯುವಾಗ ನಾವು ಲಾಯದವರೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಂತೆವು. ಯಾರೂ ಮಾತಾಡಲಿಲ್ಲ. ಅದು ಇಳಿದು ಸುತ್ತ ನೋಡಿತು, ಹೋಯಿತು. ಅಷ್ಟೇ.”

ಆಮೇಲೆ ಆದದ್ದನ್ನು ಅವರು ಬೇಗ ಬೇಗ ಹೇಳಿ ಮುಗಿಸಿದರು. ಖರ್ಚು ತೂಗದೆ ಕೆಲವು ವರ್ಷ ಮ್ಯಾಸ್‌ಕ್ಯಾಪ್ ನಡೆಯಲೇ ಇಲ್ಲ. 2008ರಲ್ಲಿ ಕಾಮೆಂಟೇಟರ್ ಎಂಬ ಏಳು ವರ್ಷದ ಕುದುರೆ 14 ಲೆಂತ್, ಅಂದರೆ 14 ಕುದುರೆಯುದ್ದದ ಅಂತರದಲ್ಲಿ ಗೆದ್ದದ್ದೇ ಕೊನೆಯದು. ಕ್ಯಾಸಿನೊ ಬಂದರೆ ಆ ಹಣದಲ್ಲಿ ಕುದುರೆ ಉಳಿಯುತ್ತದೆಂದು ಕಾದರು. 2013ರಲ್ಲಿ ಈಸ್ಟ್ ಬಾಸ್ಟನ್ನಿನ ಜನ ಬೇಡವೆಂದು ಮತ ಹಾಕಿದರು. ಪಕ್ಕದ ರೆವಿಯರ್ ಊರಿನ ಭಾಗದಲ್ಲಾದರೂ ಕಟ್ಟೋಣ ಎಂದರೆ, ಮರುವರ್ಷ ಪರವಾನಗಿ ಎವರೆಟ್ ಊರಿನ ಪಾಲಾಯಿತು. 2014ರ ಅಕ್ಟೋಬರ್ 4ರಂದು ಕೊನೆಯ ರೇಸು ಎಂದು ಜನ ಬೀಳ್ಕೊಟ್ಟರು. ಆಮೇಲೆಯೂ ವರ್ಷಕ್ಕೆ ಕೆಲವೇ ದಿನ ಓಡಿಸುತ್ತಾ ಬಂದು, 2019ರ ಜೂನ್ 30ಕ್ಕೆ ನಿಜಕ್ಕೂ ನಿಂತುಹೋಯಿತು. ಅಲ್ಲಿ ಮನೆಗಳು, ಅಂಗಡಿಗಳು ಏಳಲಿದ್ದವು. ನಕ್ಷೆಯ ಫಲಕ ನೋಡಿದೆ. ಯಾವ ಊರಿನಲ್ಲೂ ಇರಬಹುದಾದ ಕಟ್ಟಡಗಳು, ನನಗೆ ಒಂದೂ ಹಿಡಿಸಲಿಲ್ಲ. ನಮ್ಮ ಬೆಂಗಳೂರಿನ ರೇಸ್‌ಕೋರ್ಸನ್ನೂ ಊರಾಚೆ ಸಾಗಿಸುವ ಮಾತು ವರ್ಷಗಳಿಂದ ನಡೆದಿದೆ ಎಂದೆ. ಅಜ್ಜ ತಲೆ ಆಡಿಸಿದರು.

“2014ರಲ್ಲಿ ಕೊನೆಯದು ಅಂತ ಅತ್ತು ಮನೆಗೆ ಹೋದೆವಲ್ಲ, ಮೂರೇ ದಿನಕ್ಕೆ, 7ನೇ ತಾರೀಕು, ಕೆಂಟಕಿಯಲ್ಲಿ ಸಿಗಾರ್ ಸತ್ತಿತು.”

ಆಗ ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಬೆಂಗಳೂರಿನಲ್ಲಿ ರಾತ್ರಿ ಹತ್ತೂವರೆ. ಮಾವ ಎದ್ದಿರುತ್ತಾರೆ ಎಂದು ವಿಡಿಯೊ ಕರೆ ಮಾಡಿದೆ. ಬನಿಯನ್ನಿನಲ್ಲೇ ಕೂತಿದ್ದರು, ಹಿಂದೆ ಗೋಡೆ ಮೇಲೆ ಅದೇ ಚಿತ್ರ. ಅಜ್ಜ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಮಾವ, ಇವರೂ ಲಾಯದವರೇ.”

“ಹೌದಾ! ನಮಸ್ಕಾರ ಹೇಳಪ್ಪ. ಟ್ರ್ಯಾಕ್ ತೋರ್ಸು.” ಫೋನನ್ನು ಗಾಜಿಗೆ ಹಿಡಿದೆ. “ಅಯ್ಯೋ, ಕಳೆ ಬೆಳೆದುಬಿಟ್ಟಿದೆಯಲ್ಲೋ” ಎಂದರು. ಅಷ್ಟರಲ್ಲಿ ವಿಮಾನವೊಂದು ಗಾಜು ಅದುರುವಂತೆ ಇಳಿಯಿತು. “ಅದೇನು ಸದ್ದು?”

ವಿಮಾನ ಎಂದು ನಾನು ಹೇಳುತ್ತಿದ್ದಂತೆ ಅಜ್ಜ ಏನೆಂದು ಕೇಳಿದರು, ಹೇಳಿದೆ. ಅವರು ಮೇಲೆ ಬೆರಳು ತೋರಿಸಿ ಒಂದು ಮಾತು ಹೇಳಿದರು. ಸಿಗಾರ್ ಎಂದರೆ ಸೇದುವ ಚುಟ್ಟವಲ್ಲವಂತೆ. ಪೈಲಟ್‌ಗಳು ಹಾದಿ ಗುರುತಿಗೆಂದು ಮೆಕ್ಸಿಕೊ ಕೊಲ್ಲಿಯ ಆಕಾಶದಲ್ಲಿ ಇಟ್ಟುಕೊಂಡ ಒಂದು ಬಿಂದುವಿನ ಹೆಸರು. ಕುದುರೆಯ ಯಜಮಾನರು ವಿಮಾನದ ಉದ್ಯಮದವರು. ಮಾವನಿಗೆ ಇದನ್ನು ತಿಳಿಸಿದೆ. ಅವರು ತಿರುಗಿ ಗೋಡೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು.

“ಓಡಿ ಬಂದಮೇಲೆ ಎಷ್ಟು ಹೊತ್ತು ನಡೆಸ್ತಿದ್ರು, ಕೇಳು.”

ಅರ್ಧ ಗಂಟೆ, ಬಿಸಿಲಿದ್ದರೆ ಮುಕ್ಕಾಲು ಗಂಟೆ, ನಡುನಡುವೆ ಎರಡೆರಡು ಗುಟುಕು ನೀರು ಎಂದರು ಅಜ್ಜ.

“ನಮ್ಮಲ್ಲೂ ಅಷ್ಟೇ. ಮೈ ಆರಿತು ಅಂತ ಎಲ್ಲಿ ಮುಟ್ಟಿ ನೋಡ್ತಿದ್ರಂತೆ?”

ನಾನು ಇಂಗ್ಲಿಷಿನಲ್ಲಿ ಕೇಳಿ ಮುಗಿಸುವ ಮೊದಲೇ ಅಜ್ಜನಿಗೆ ಅರ್ಥವಾಗಿತ್ತು. ಬಲಗೈ ಅಂಗೈಯನ್ನು ಮೇಲ್ಮುಖ ಮಾಡಿ, ಎದುರಿಗೆ ಕುದುರೆ ನಿಂತಿದೆಯೇನೋ ಎಂಬಂತೆ, ಮುಂಗಾಲುಗಳ ನಡುವೆ ಎದೆಯ ಕೆಳಗೆ ಒತ್ತಿ ಹಿಡಿದರು. ಫೋನಿನಲ್ಲಿ ಮಾವನೂ ಕೈ ಎತ್ತಿ ಹಾಗೇ ಹಿಡಿದಿದ್ದರು.

“ಹೂಂ, ಅಲ್ಲೇ” ಎಂದರು ಮಾವ. “ಅಲ್ಲೇ ನೋಡ್ಬೇಕು.”